ನನ್ನದು ಒಂದೇ ಪ್ರಯಾಣ, ಟಿಕೆಟ್ ಯಾಕೆ ಮೂರು?

ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಇದು ಬರೀ ದರ ಏರಿಕೆಯನ್ನು ಬೈಯುವ ಪತ್ರ ಅಲ್ಲ. ಡೀಸೆಲ್ ದುಬಾರಿಯಾಗುತ್ತದೆ, ಸಿಬ್ಬಂದಿ ಸಂಬಳ ಜಾಸ್ತಿಯಾಗುತ್ತದೆ, ಟೈರು, ಬಿಡಿಭಾಗ ಎಲ್ಲದರ ಬೆಲೆಯೂ ಏರುತ್ತದೆ. ಟಿಕೆಟ್ ಮಾತ್ರ ಇದ್ದಲ್ಲೇ ಇರಲಿ ಅಂದರೆ ಅದು ನಡೆಯುವ ಮಾತಲ್ಲ. ಬಿಎಂಟಿಸಿಯಲ್ಲಿ ಸುಮಾರು ಹತ್ತು ವರ್ಷ ದರ ಏರಿರಲಿಲ್ಲ. 2025ರ ಜನವರಿ 5ರಂದು ಶೇ 15ರಷ್ಟು ಏರಿತು. ಗೊಣಗಿದೆವು, ಕೊಟ್ಟೆವು, ಹತ್ತಿದೆವು.

ನನ್ನ ತಕರಾರು ಬೇರೆ. ಮನೆಯಿಂದ ಕೆಲಸಕ್ಕೆ ಹೋಗಿ ಬರಲು ತಿಂಗಳಿಗೆ ಎಷ್ಟು ಖರ್ಚು ಅಂತ ಮೊನ್ನೆ ನನ್ನ ಭಾವಮೈದ ಕೇಳಿದ. ಅವನು ಹಾಸನದಿಂದ ಹೊಸದಾಗಿ ಕೆಲಸಕ್ಕೆ ಬಂದವನು, ಮನೆ ಎಲ್ಲಿ ಹಿಡಿಯಬೇಕು ಅಂತ ಲೆಕ್ಕ ಹಾಕುತ್ತಿದ್ದ. ಇಷ್ಟು ವರ್ಷದಿಂದ ಓಡಾಡುತ್ತಿರುವ ನನಗೆ ಥಟ್ ಅಂತ ಹೇಳಲು ಆಗಲಿಲ್ಲ. ಪೆನ್ನು ಹಿಡಿದು, ಹಳೆಯ ಕರೆಂಟ್ ಬಿಲ್ಲಿನ ಹಿಂದೆ ಕೂಡಿ ಕಳೆದು, ಗುಣಿಸಿ, ಕೊನೆಗೆ ಒಂದು ಮೊತ್ತ ಹೇಳಿದೆ. ಅದನ್ನು ಕೇಳಿ ಅವನು ಬೈಕ್ ಶೋರೂಮ್ ಎಲ್ಲಿದೆ ಅಂತ ಕೇಳಿದ.

ಆ ಬಿಲ್ಲಿನ ಹಿಂಭಾಗವನ್ನೇ ನಿಮಗೆ ಬರೆದು ಕಳಿಸುತ್ತಿದ್ದೇನೆ ಅಂದುಕೊಳ್ಳಿ.

ನಿಮಗೇ ಯಾಕೆ? ಬಸ್ಸಿನವರಿಗೆ ಬರೆದರೆ ಅವರು ಬಸ್ಸಿನ ಟಿಕೆಟ್ ನೋಡುತ್ತಾರೆ. ಮೆಟ್ರೊದವರಿಗೆ ಬರೆದರೆ ಅವರು ಮೆಟ್ರೊ ಟಿಕೆಟ್ ನೋಡುತ್ತಾರೆ. ಎರಡನ್ನೂ ಒಟ್ಟಿಗೆ ನೋಡುವುದಕ್ಕೆ ಅಂತಲೇ 2022ರ ಕಾಯ್ದೆಯಲ್ಲಿ ನಿಮ್ಮ ಪ್ರಾಧಿಕಾರ ಹುಟ್ಟಿದೆ. ಮುಖ್ಯಮಂತ್ರಿಗಳೇ ಅದರ ಅಧ್ಯಕ್ಷರು. ಇದಕ್ಕಿಂತ ಮೇಲಿನ ಬಾಗಿಲು ಈ ಊರಲ್ಲಿ ನನಗಂತೂ ಗೊತ್ತಿಲ್ಲ.

ನನ್ನ ಮನೆ ಪದ್ಮನಾಭನಗರದಲ್ಲಿ. ಕೆಲಸ ಬೊಮ್ಮಸಂದ್ರ ದಾಟಿ, ಜಿಗಣಿ ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ. ಬೆಳಗ್ಗೆ ಮನೆ ಹತ್ತಿರ ಬಸ್ ಹತ್ತಿ ಆರ್‌.ವಿ. ರಸ್ತೆ ಮೆಟ್ರೊ ನಿಲ್ದಾಣಕ್ಕೆ ಹೋಗುತ್ತೇನೆ, 12 ರೂಪಾಯಿ. ಅಲ್ಲಿಂದ ಹಳದಿ ಮಾರ್ಗದಲ್ಲಿ ಬೊಮ್ಮಸಂದ್ರ, 60 ರೂಪಾಯಿ. ಇಳಿದು ಮತ್ತೊಂದು ಬಸ್, ಇನ್ನೊಂದು 12. ಒಟ್ಟು 84. ಸಂಜೆ ಅದೇ ದಾರಿ ತಿರುಗಿಸಿ.

ಹಳದಿ ಮಾರ್ಗ ಶುರುವಾಗಿದ್ದು 2025ರ ಆಗಸ್ಟ್ 10ಕ್ಕೆ. ಮೊದಮೊದಲು 25 ನಿಮಿಷಕ್ಕೊಂದು ರೈಲು. ಆದರೂ ನಾವೆಲ್ಲ ಹಬ್ಬದ ಹಾಗೆ ಓಡಿದೆವು. ಯಾಕೆ ಅಂತ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ವರ್ಷಗಟ್ಟಲೆ ನಿಂತವರನ್ನು ಕೇಳಿ. ಬಸ್ಸಿನಲ್ಲಿ ಎರಡು ಗಂಟೆ ಹತ್ತಿರ ಹಿಡಿಯುತ್ತಿದ್ದ ದಾರಿಯ ದೊಡ್ಡ ಪಾಲು ಈಗ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಈ ಉಪಕಾರವನ್ನು ನಾನು ಮರೆತಿಲ್ಲ.

ಈಗ ಬಸ್ಸಿನೊಳಗೆ ಬನ್ನಿ. ಕಂಡಕ್ಟರ್‌ಗೆ 20ರ ನೋಟು ಕೊಡುತ್ತೇನೆ.

"ಎರಡು ರೂಪಾಯಿ ಇದ್ಯಾ ಸಾರ್?"

"ಇಲ್ಲ ಸಾರ್."

ಅವರು ಕಿವಿಯ ಮೇಲಿಂದ ಪೆನ್ನು ತೆಗೆಯುತ್ತಾರೆ. ಟಿಕೆಟ್ ಹಿಂದೆ 8 ಅಂತ ಬರೆದು, ಸುತ್ತ ಒಂದು ಸೊನ್ನೆ ಎಳೆದು, "ಇಳಿಯೋವಾಗ ಇಸ್ಕೊಳ್ಳಿ" ಅನ್ನುತ್ತಾರೆ. ನಾನು ಇಳಿಯುವ ಹೊತ್ತಿಗೆ ಅವರು ಮುಂದಿನ ಬಾಗಿಲ ಹತ್ತಿರ, ನಾನು ಹಿಂದಿನ ಬಾಗಿಲ ಹತ್ತಿರ. ನಡುವೆ ಕಾಲೇಜು ಮಕ್ಕಳ ಬ್ಯಾಗುಗಳ ಗೋಡೆ. ಎಂಟು ರೂಪಾಯಿಗೆ ಯಾರು ಕೂಗಾಡುತ್ತಾರೆ ಅಂತ ಇಳಿದುಬಿಡುತ್ತೇನೆ. ನನ್ನ ಪ್ಯಾಂಟಿನ ಜೇಬಿನಲ್ಲಿ ಇಂಥ ಸೊನ್ನೆ ಸುತ್ತಿದ ಎಂಟುಗಳು ಎಷ್ಟೋ ಸಲ ಬಟ್ಟೆ ಜೊತೆ ಒಗೆದು ಹೋಗಿವೆ.

ಇದರಲ್ಲಿ ಕಂಡಕ್ಟರ್ ತಪ್ಪು ಸ್ವಲ್ಪವೂ ಇಲ್ಲ. ಮೊದಲು ಟಿಕೆಟ್ 5, 10, 15, 20, 25 ಇತ್ತು. ಶೇ 15 ಏರಿಸಿದಾಗ ಅದು 6, 12, 18, 23, 28 ಆಯಿತು. ಲೆಕ್ಕದ ಪುಸ್ತಕದಲ್ಲಿ ಸರಿಯಾಗಿ ಕೂರುವ ಸಂಖ್ಯೆಗಳು, ಜೇಬಿನಲ್ಲಿ ಕೂರುವುದಿಲ್ಲ. ಬೆಳಗ್ಗೆ ಏಳೂವರೆಗೆ ಆ ಮನುಷ್ಯ ಅಷ್ಟೊಂದು ಒಂದು, ಎರಡು ರೂಪಾಯಿ ನಾಣ್ಯ ಎಲ್ಲಿಂದ ತರಬೇಕು? ಸ್ಕ್ಯಾನ್ ಮಾಡಬಹುದಲ್ವಾ ಅನ್ನುತ್ತೀರಿ. ಮಾಡುತ್ತೇವೆ. ಫೋನಿನಲ್ಲಿ ಚಕ್ರ ಗಿರಗಿರ ತಿರುಗುತ್ತಿರುವಾಗ ಎರಡು ಸ್ಟಾಪ್ ಹೋಗಿರುತ್ತದೆ, ಅವರು ನಮ್ಮ ಪಕ್ಕದಲ್ಲೇ ಕಾಯುತ್ತಾ ನಿಂತಿರುತ್ತಾರೆ, ಹಿಂದೆ ಹತ್ತು ಜನ ಟಿಕೆಟ್ ಕೇಳುತ್ತಿರುತ್ತಾರೆ.

"ಪಾಸ್ ತಗೊಳ್ಳಿ, ಚಿಲ್ಲರೆ ತಾಪತ್ರಯವೇ ಇಲ್ಲ." ಇದು ಎಲ್ಲರೂ ಕೊಡುವ ಸಲಹೆ. ಸರಿ, ಪಾಸಿನ ಲೆಕ್ಕ ನೋಡೋಣ. ಸಾಮಾನ್ಯ ಬಸ್ಸಿಗೆ ದಿನದ ಪಾಸ್ 80, ವಾರದ್ದು 350, ತಿಂಗಳದ್ದು 1,200. ಎ.ಸಿ. ಇರುವ ವಜ್ರ ಬಸ್ಸಿಗೆ ಬೇರೆ, ವಿಮಾನ ನಿಲ್ದಾಣದ ವಾಯು ವಜ್ರಕ್ಕೆ ಮತ್ತೂ ಬೇರೆ. ನನ್ನ ಬಸ್ ಖರ್ಚು ದಿನಕ್ಕೆ ನಾಲ್ಕು ಸಲ 12, ಅಂದರೆ 48. ತಿಂಗಳಿಗೆ 25 ದಿನ ಕೆಲಸಕ್ಕೆ ಹೋದರೆ ಎಷ್ಟು? ಸರಿಯಾಗಿ 1,200! ಒಂದು ದಿನ ಜ್ವರ ಬಂದು ಮಲಗಿದರೆ ಪಾಸ್ ನಷ್ಟ. ಒಂದು ಭಾನುವಾರ ಹೆಂಡತಿ ಮಕ್ಕಳ ಜೊತೆ ಲಾಲ್‌ಬಾಗ್‌ಗೆ ಬಸ್ಸಿನಲ್ಲಿ ಹೋದರೆ ಪಾಸ್ ಲಾಭ. ಹೀಗಾಗಿ ಪ್ರತಿ ತಿಂಗಳ ಕೊನೆಗೆ ನಾನು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಕೆಂಪು ಅಂಕಿ ಎಣಿಸುತ್ತೇನೆ. ಮನೆಯವರು ನಾನು ಹಬ್ಬ ನೋಡುತ್ತಿದ್ದೇನೆ ಅಂದುಕೊಂಡಿದ್ದಾರೆ.

ನನ್ನದೇ ಒಂದು ಪೆದ್ದುತನವನ್ನೂ ಹೇಳಬೇಕು. ಹೋದ ವರ್ಷ ಒಂದು ದಿನ ಮೂರ್ನಾಲ್ಕು ಕಡೆ ಕೆಲಸ ಇದೆ ಅಂತ ಬೆಳಗ್ಗೆಯೇ 80 ಕೊಟ್ಟು ದಿನದ ಪಾಸ್ ತೆಗೆದೆ. ಆಮೇಲೆ ಹೊತ್ತಾಯಿತು ಅಂತ ಅರ್ಧ ದಾರಿಗೆ ಮೆಟ್ರೊ ಹಿಡಿದೆ. ರಾತ್ರಿ ಲೆಕ್ಕ ಹಾಕಿದರೆ ಬಸ್ಸಿನಲ್ಲಿ ಓಡಾಡಿದ್ದು 36 ರೂಪಾಯಿಯಷ್ಟು. ಪಾಸ್ ಅನ್ನುವುದು ಇಡೀ ಊರಿಗೆ ಅಂತ ಮನಸ್ಸು ಅಂದುಕೊಂಡುಬಿಡುತ್ತದೆ. ಆದರೆ ಅದು ಊರಿನ ಪಾಸ್ ಅಲ್ಲ, ಬಸ್ಸಿನ ಪಾಸ್.

ಮೆಟ್ರೊದಲ್ಲಿ ನನ್ನಂಥವನಿಗೆ ತಿಂಗಳ ಪಾಸೇ ಇಲ್ಲ. ಒಂದು ದಿನ, ಮೂರು ದಿನ, ಐದು ದಿನದ ಪಾಸ್ ಇದೆ. ಊರು ನೋಡಲು ಬಂದವರಿಗೆ ಅನುಕೂಲ. ಇಲ್ಲೇ ಬೇರುಬಿಟ್ಟವನು, ವರ್ಷವಿಡೀ ಅದೇ ಗೇಟಿನಲ್ಲಿ ಹೋಗಿ ಬರುವವನು, ಅವನಿಗೆ ಸ್ಮಾರ್ಟ್ ಕಾರ್ಡಿನಲ್ಲಿ ಶೇ 5 ರಿಯಾಯಿತಿ. ದಟ್ಟಣೆ ಇಲ್ಲದ ಹೊತ್ತಿನಲ್ಲಿ ಹೋದರೆ ಇನ್ನೊಂದು ಶೇ 5. ಅಂದರೆ ಬೆಳಗ್ಗೆ ಎಂಟಕ್ಕೆ ಮುಂಚೆ ಒಳಗೆ ಹೋದರೆ 54, ಆಮೇಲೆ ಹೋದರೆ 57. ನನ್ನ ಬಸ್ ಏಳೂಮುಕ್ಕಾಲಿಗೆ ಬರಬೇಕು. ಬಂದರೆ 54. ಬರದಿದ್ದರೆ 57. ಬಸ್ ತಡವಾಗಿದ್ದಕ್ಕೆ ಮೆಟ್ರೊದಲ್ಲಿ ಮೂರು ರೂಪಾಯಿ ದಂಡ ಕಟ್ಟುವ ವ್ಯವಸ್ಥೆ ಇದು. ಮೂರು ರೂಪಾಯಿ ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಎಂಟಕ್ಕೆ ಎರಡು ನಿಮಿಷ ಇರುವಾಗ ಮೆಟ್ಟಿಲು ಹತ್ತಿ ಓಡುವವರಲ್ಲಿ ನಾನೊಬ್ಬನೇ ಅಲ್ಲ.

ಕಾರ್ಡಿನಲ್ಲಿ ಕನಿಷ್ಠ 90 ರೂಪಾಯಿ ಇರಬೇಕು ಅನ್ನುವ ನಿಯಮ ಬೇರೆ. ಮೊದಲು 50 ಇತ್ತು. 10 ರೂಪಾಯಿಯ ದೂರ ಹೋಗುವ ಅಜ್ಜಿಯೂ 90 ಇಟ್ಟುಕೊಂಡೇ ಗೇಟಿನ ಮುಂದೆ ನಿಲ್ಲಬೇಕು.

2025ರ ಫೆಬ್ರವರಿ 9ರಂದು ಮೆಟ್ರೊ ದರ ಏರಿದ್ದು ನಿಮಗೆ ನೆನಪಿದೆಯಲ್ಲ? ಗರಿಷ್ಠ ದರ 60ರಿಂದ 90ಕ್ಕೆ ಹೋಯಿತು. ಕೆಲವು ನಿಲ್ದಾಣಗಳ ನಡುವೆ ಟಿಕೆಟ್ ಒಂದೇ ರಾತ್ರಿಯಲ್ಲಿ ದುಪ್ಪಟ್ಟಾಯಿತು. ಜನ ಬೈದರು. ಐದು ದಿನ ಆದಮೇಲೆ ಏರಿಕೆ ಶೇ 71 ಮೀರಬಾರದು ಅಂತ ಸರಿಪಡಿಸಿದರು. ಶೇ 71ರ ಏರಿಕೆಯನ್ನು ರಿಯಾಯಿತಿ ಅಂತ ಸ್ವೀಕರಿಸಿದ ಊರು ನಮ್ಮದು. ಆಗ ಕೇಂದ್ರದವರು ರಾಜ್ಯದ ಕಡೆ, ರಾಜ್ಯದವರು ಕೇಂದ್ರದ ಕಡೆ ಬೆರಳು ತೋರಿಸಿದರು. ದರ ನಿಗದಿ ಸಮಿತಿ ಏನು ಬರೆದಿತ್ತು ಅನ್ನುವುದು ಜನರ ಕಣ್ಣಿಗೆ ಬಿದ್ದಿದ್ದು ಏಳು ತಿಂಗಳಾದ ಮೇಲೆ, ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ವರ್ಷಕ್ಕೊಮ್ಮೆ ಶೇ 5ರವರೆಗೆ ಏರಿಸಬಹುದು ಅನ್ನುವ ಶಿಫಾರಸೂ ಅದರಲ್ಲಿದೆ. ಅಲ್ಲಿಗೆ ಗುಟ್ಟು ರಟ್ಟಾಯಿತು ಬಿಡಿ, ಅದನ್ನು ಮತ್ತೆ ಕೆದಕುವುದಿಲ್ಲ.

ನನಗೆ ನಿಜವಾಗಿ ಹೇಳಬೇಕಾಗಿರುವುದು ಇದು. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿಲೋಮೀಟರ್ ಹೋದರೆ 90 ರೂಪಾಯಿ. ಕಿಲೋಮೀಟರ್‌ಗೆ ಸುಮಾರು 2 ಬಿತ್ತು. ಬರೀ 2 ಕಿಲೋಮೀಟರ್ ಹೋದರೆ 10 ರೂಪಾಯಿ. ಕಿಲೋಮೀಟರ್‌ಗೆ 5 ಬಿತ್ತು. ಬಸ್ಸಿನಲ್ಲೂ ಇದೇ ಧಾಟಿ, ಮೊದಲ ಸ್ಟೇಜ್ ದುಬಾರಿ, ಮುಂದೆ ಹೋದ ಹಾಗೆ ಅಗ್ಗ. ಇದರಲ್ಲಿ ತಪ್ಪಿಲ್ಲ. ಅಂಗಡಿಯಲ್ಲೂ ಒಂದು ಕೆ.ಜಿ. ಬೇಳೆ ತೆಗೆದುಕೊಂಡರೆ ಒಂದು ಬೆಲೆ, ನೂರು ಗ್ರಾಂ ಪೊಟ್ಟಣ ಕಟ್ಟಿಸಿದರೆ ಒಂದು ಬೆಲೆ.

ಆದರೆ ವಾಹನ ಬದಲಿಸಿದ ಪ್ರತಿ ಸಲವೂ ನನ್ನ ಲೆಕ್ಕ ಮತ್ತೆ ಮೊದಲ ಸ್ಟೇಜಿನಿಂದ ಶುರುವಾಗುತ್ತದೆ. ಬಸ್ಸಿನಲ್ಲಿ ದುಬಾರಿ ಸ್ಟೇಜು, ಇಳಿದೆ. ಮೆಟ್ರೊದಲ್ಲಿ ದುಬಾರಿ ಕಿಲೋಮೀಟರು, ಇಳಿದೆ. ಮತ್ತೆ ಬಸ್ಸು, ಮತ್ತೆ ದುಬಾರಿ ಸ್ಟೇಜು. ಒಂದು ಕೆ.ಜಿ. ಬೇಳೆಯನ್ನೇ ನಾನು ತರುತ್ತಿರುವುದು, ಆದರೆ ಮೂರು ಅಂಗಡಿಯಲ್ಲಿ ಮೂರು ಪೊಟ್ಟಣ ಕಟ್ಟಿಸಿ ತರುತ್ತಿದ್ದೇನೆ. ಹೀಗೆ ಕಟ್ಟಿಸುವುದು ನನ್ನ ಶೋಕಿ ಅಲ್ಲ. ಮನೆ ಬಾಗಿಲಿನಿಂದ ಫ್ಯಾಕ್ಟರಿ ಬಾಗಿಲಿಗೆ ನೇರ ಬಸ್ಸೂ ಇಲ್ಲ, ನೇರ ರೈಲೂ ಇಲ್ಲ. ಬಸ್ಸು ಮೆಟ್ರೊಗೆ ಜೋಡಿಯಾಗಬೇಕು, ಜನ ಬದಲಿಸಿ ಬದಲಿಸಿ ಹೋಗಬೇಕು ಅಂತ ಎಲ್ಲರೂ ಭಾಷಣ ಮಾಡುತ್ತಾರೆ. ಬದಲಿಸಿದವನ ಜೇಬಿಗೇ ಕತ್ತರಿ ಬೀಳುತ್ತದೆ.

ಈಗ ಕರೆಂಟ್ ಬಿಲ್ಲಿನ ಹಿಂದಿನ ಮೊತ್ತ ಕೇಳಿ. ಬಸ್ಸಿಗೆ ದಿನಕ್ಕೆ 48. ಮೆಟ್ರೊಗೆ ಕಾರ್ಡ್ ರಿಯಾಯಿತಿ ಕಳೆದು 114. ಒಟ್ಟು 162. ತಿಂಗಳಿಗೆ 25 ದಿನ ಅಂದರೆ 4,050 ರೂಪಾಯಿ. ಅದೇ ದಾರಿ ಬೈಕಿನಲ್ಲಿ ಹೋಗಿ ಬರಲು 50 ಕಿಲೋಮೀಟರ್ ಅಂದುಕೊಳ್ಳಿ. ಲೀಟರಿಗೆ 45-50 ಕೊಡುವ ಬೈಕು, ಪೆಟ್ರೋಲ್ ಲೀಟರಿಗೆ ನೂರರ ಮೇಲೆ ಎರಡು ಮೂರು ರೂಪಾಯಿ. ದಿನಕ್ಕೆ 110 ಹಿಡಿದರೂ ತಿಂಗಳಿಗೆ 2,750. ಸರ್ವೀಸು, ಟೈರು, ಸೊಂಟನೋವು ಬಿಟ್ಟು. ಪಕ್ಕದ ಮನೆಯವರನ್ನು ಹಿಂದೆ ಕೂರಿಸಿಕೊಂಡು ಅರ್ಧ ಪೆಟ್ರೋಲ್ ಹಂಚಿಕೊಂಡರೆ ಇನ್ನೂ ಕಡಿಮೆ. ನನ್ನ ಭಾವಮೈದ ಶೋರೂಮ್ ಕೇಳಿದ್ದರಲ್ಲಿ ತಪ್ಪೇನಿದೆ ಹೇಳಿ?

ನನ್ನ ಹೆಂಡತಿಯ ಲೆಕ್ಕ ಇನ್ನೊಂದು ಥರ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಸಾಮಾನ್ಯ ಬಸ್ಸಿನಲ್ಲಿ ಶೂನ್ಯ ಟಿಕೆಟ್. ನಮ್ಮಂಥ ಮನೆಗೆ ಇದು ದೊಡ್ಡ ಆಸರೆ, ಯಾರು ಏನೇ ಹೇಳಲಿ. ಆದರೆ ಮೆಟ್ರೊಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಅವಳು ಹತ್ತು ನಿಮಿಷದ ಮೆಟ್ರೊ ಬಿಟ್ಟು ಎರಡು ಬಸ್ ಬದಲಿಸಿ ಹೋಗುತ್ತಾಳೆ. ದುಡ್ಡು ಉಳಿಯುತ್ತದೆ, ದಿನಕ್ಕೆ ಒಂದು ಗಂಟೆ ಹೋಗುತ್ತದೆ. ಮತ್ತೆ ಹೊಸೂರಿಗೆ ಮದುವೆಯಾಗಿ ಹೋದ ನಮ್ಮಕ್ಕ ಬಂದರೆ, ಅವಳ ಆಧಾರ್‌ನಲ್ಲಿ ತಮಿಳುನಾಡಿನ ವಿಳಾಸ. ಒಂದೇ ಸೀಟಿನಲ್ಲಿ ಕೂತ ಅತ್ತಿಗೆ ನಾದಿನಿಯರಲ್ಲಿ ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ 18. ಅಕ್ಕ ಪ್ರತಿ ಸಲವೂ ಕಂಡಕ್ಟರ್ ಜೊತೆ ಅಚ್ಚಗನ್ನಡದಲ್ಲಿ ವಾದ ಮಾಡುತ್ತಾಳೆ. ಪ್ರತಿ ಸಲವೂ ಸೋಲುತ್ತಾಳೆ. ನಿಯಮ ನಿಯಮವೇ, ಅದಕ್ಕೆ ನನ್ನ ತಕರಾರಿಲ್ಲ, ಸುಮ್ನೆ ಹೇಳಿದೆ.

ಶಕ್ತಿಯ ವಿಷಯ ತೆಗೆದಿದ್ದಕ್ಕೆ ಒಂದು ಕಾರಣ ಇದೆ. "ಬಸ್ಸು ಒಂದು ಸಂಸ್ಥೆ, ಮೆಟ್ರೊ ಇನ್ನೊಂದು ಸಂಸ್ಥೆ, ಒಂದೇ ಟಿಕೆಟ್ ಮಾಡಿದರೆ ದುಡ್ಡು ಹಂಚುವುದು ಹೇಗೆ?" ಅನ್ನುವ ಪ್ರಶ್ನೆ ನಿಮ್ಮ ಕಡೆಯಿಂದ ಬರುತ್ತದೆ ಅಂತ ಗೊತ್ತು. ಒಂದೊಂದು ಶೂನ್ಯ ಟಿಕೆಟನ್ನೂ ಯಂತ್ರದಲ್ಲಿ ಎಣಿಸಿ, ಅದರ ಬೆಲೆ ಲೆಕ್ಕ ಹಾಕಿ, ಸರ್ಕಾರದಿಂದ ಸಾರಿಗೆ ನಿಗಮಕ್ಕೆ ತುಂಬಿಕೊಡುವ ಏರ್ಪಾಡನ್ನು ಇದೇ ರಾಜ್ಯ ಮಾಡಿ ತೋರಿಸಿದೆ. ಕೋಟಿಗಟ್ಟಲೆ ಟಿಕೆಟ್‌ಗೆ ಅದು ಆಗುತ್ತದೆ ಅಂದಮೇಲೆ ನನ್ನ ಮೂರು ತುಂಡಿನ ಟಿಕೆಟ್‌ಗೆ ಯಾಕೆ ಆಗಬಾರದು?

ಕಾರ್ಡ್ ಇಲ್ಲ ಅಂತಲೂ ಅಲ್ಲ. "ಒಂದು ದೇಶ, ಒಂದು ಕಾರ್ಡ್" ಅಂತ 2019ರಲ್ಲೇ ಘೋಷಣೆಯಾಯಿತು. ನಮ್ಮ ಮೆಟ್ರೊಗೆ ಆ ಕಾರ್ಡ್ 2023ರಲ್ಲಿ ಬಂತು. ನನ್ನ ಹತ್ತಿರವೂ ಒಂದಿದೆ. ನಾನು ಹತ್ತುವ ಬಸ್ಸಿನಲ್ಲಿ ಅದು ನಡೆಯುವುದಿಲ್ಲ. ದೇಶಕ್ಕೆಲ್ಲ ಒಂದೇ ಕಾರ್ಡ್, ಪದ್ಮನಾಭನಗರದ ಬಸ್ಸಿಗೆ ಮಾತ್ರ ಚಿಲ್ಲರೆ. ಪಕ್ಕದ ಚೆನ್ನೈಯಲ್ಲಿ ಸಿಂಗಾರ ಚೆನ್ನೈ ಕಾರ್ಡ್ ಮೆಟ್ರೊದಲ್ಲೂ ನಡೆಯುತ್ತದೆ, ಎಂಟಿಸಿ ಬಸ್ಸಿನಲ್ಲೂ ನಡೆಯುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಅವರು ಚೆನ್ನೈ ಒನ್ ಅನ್ನುವ ಆ್ಯಪ್ ತಂದರು. ಬಸ್ಸು, ಮೆಟ್ರೊ, ಲೋಕಲ್ ರೈಲು ಮೂರಕ್ಕೂ ಒಂದೇ ಕ್ಯೂಆರ್. ಲಂಡನ್ನಿನಲ್ಲಿ ಮೊದಲ ಬಸ್ ಹತ್ತಿ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಒಂದೇ ಟಿಕೆಟ್ ಬೆಲೆ. ದಿನಕ್ಕೆ ಒಂದು ಮಿತಿ ದಾಟಿದ ಮೇಲೆ ಎಷ್ಟು ಓಡಾಡಿದರೂ ಕಾರ್ಡಿನಿಂದ ದುಡ್ಡು ಕಡಿತವಾಗುವುದೇ ಇಲ್ಲ. ಯಾವ ಪಾಸ್ ಲಾಭ, ಯಾವುದು ನಷ್ಟ ಅಂತ ಅಲ್ಲಿಯವರು ಕ್ಯಾಲೆಂಡರ್ ಮುಂದೆ ನಿಲ್ಲಬೇಕಾಗಿಲ್ಲ, ಯಂತ್ರವೇ ಲೆಕ್ಕ ಹಾಕುತ್ತದೆ. ಲಂಡನ್ ದೂರ ಆಯಿತು ಅಂದರೆ ಬಿಡಿ, ಚೆನ್ನೈ ಒಂದು ರಾತ್ರಿಯ ರೈಲು ದಾರಿ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಬಸ್ಸಿಗೂ ಮೆಟ್ರೊಗೂ ಸೇರಿಸಿ ತಿಂಗಳಿಗೆ ಒಂದು ಪಾಸ್ ಕೊಡಿ. ನನ್ನನ್ನು ಕೇಳಿದರೆ 2,500ಕ್ಕೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ, ಬೈಕಿನ ಪೆಟ್ರೋಲ್‌ಗಿಂತ ಕಡಿಮೆ ಇದ್ದರೆ ಸಾಕು. ಅದು ತಡವಾಗುವುದಾದರೆ, ಮೆಟ್ರೊ ಇಳಿದು ಬಸ್ ಹತ್ತಿದವನಿಗೆ ಎರಡನೇ ಸಲದ ಮೊದಲ ಸ್ಟೇಜನ್ನಾದರೂ ಬಿಡಿ. ಮೆಟ್ರೊದ ಕಾರ್ಡನ್ನು ಕಂಡಕ್ಟರ್ ಕೈಯ ಯಂತ್ರಕ್ಕೆ ತೋರಿಸಿದರೆ ಟಿಕೆಟ್ ಬರುವ ಹಾಗೆ ಮಾಡಿ, ಅವರ ಕಿವಿಯ ಮೇಲಿನ ಪೆನ್ನಿಗೂ ಸ್ವಲ್ಪ ವಿಶ್ರಾಂತಿ ಸಿಗಲಿ. ಇನ್ನು ಒಂದು ಬೋರ್ಡು. ಬಸ್ ಸ್ಟಾಪ್‌ನಲ್ಲಿ ಜಾಹೀರಾತಿಗೆ ಆಳೆತ್ತರದ ಜಾಗ ಇದೆ. ಅದರ ಮೂಲೆಯಲ್ಲಿ, ಇಲ್ಲಿಂದ ಎಲ್ಲಿಗೆ ಎಷ್ಟು, ಯಾವ ಪಾಸ್ ಎಲ್ಲಿ ನಡೆಯುತ್ತದೆ ಅಂತ ದಪ್ಪ ಅಕ್ಷರದ ಕನ್ನಡದಲ್ಲಿ ಬರೆಸಿ. ಆ್ಯಪ್‌ನಲ್ಲಿ ಇದೆ ಅನ್ನಬೇಡಿ. ನಮ್ಮಪ್ಪನಿಗೆ ಎಪ್ಪತ್ತೆಂಟು ವರ್ಷ, ಕನ್ನಡಕ ಹಾಕಿಕೊಂಡು ಬೋರ್ಡ್ ಓದಬಲ್ಲರು. ಹಿರಿಯರ ರಿಯಾಯಿತಿ ಬಸ್ಸಿನಲ್ಲಿದೆ, ಮೆಟ್ರೊದಲ್ಲಿಲ್ಲ ಅನ್ನುವುದು ಅವರಿಗೆ ಗೊತ್ತಾಗಿದ್ದು ನಾನು ಹೇಳಿದ ಮೇಲೆ.

ಅಪ್ಪನ ಕಾಲದಲ್ಲಿ ಊರಿನ ಬಸ್ಸಿಗೆ ಬಿಟಿಎಸ್ ಅನ್ನುತ್ತಿದ್ದರು. "ಬಿಟ್ರೆ ತಿರುಗಿ ಸಿಗೊಲ್ಲ" ಅಂತ ತಮಾಷೆ ಮಾಡುತ್ತಿದ್ದರಂತೆ. ಆಗ ಬಸ್ಸು ಸಿಗುತ್ತಿರಲಿಲ್ಲ. ಈಗ ಬಸ್ಸೂ ಸಿಗುತ್ತದೆ, ರೈಲೂ ಸಿಗುತ್ತದೆ. ಲೆಕ್ಕ ಸಿಗುತ್ತಿಲ್ಲ.

ಭಾವಮೈದ ಇನ್ನೂ ಬೈಕಿಗೆ ಮುಂಗಡ ಕಟ್ಟಿಲ್ಲ. ಸದ್ಯಕ್ಕೆ ನನ್ನ ಜೊತೆ ಏಳೂಮುಕ್ಕಾಲಿನ ಬಸ್ಸಿಗೆ ಬರುತ್ತಿದ್ದಾನೆ, ದಸರಾ ಮುಗಿಯುವವರೆಗೆ ನೋಡುತ್ತೇನೆ ಅಂದಿದ್ದಾನೆ. ನಾನೂ ಮುಂದಿನ ತಿಂಗಳಿಗೆ ಪಾಸ್ ತೆಗೆಯಬೇಕೋ ಬೇಡವೋ ಇನ್ನೂ ತೀರ್ಮಾನ ಮಾಡಿಲ್ಲ. ಕ್ಯಾಲೆಂಡರ್‌ನಲ್ಲಿ ಕೆಂಪು ಅಂಕಿ ಜಾಸ್ತಿ ಇದೆ.

ಇಂತಿ ನಿಮ್ಮ,
ಪದ್ಮನಾಭನಗರದ ಒಬ್ಬ ಪ್ರಯಾಣಿಕ